ಬಿಟ್ ಹೆಚ್ಚಾದ್ರ ದನಿ ಚಂದ ಆಗ್ತದೇನ್ರಿ?

ಘೋಡಗೇರಿ ಬಸ್ ಸ್ಟ್ಯಾಂಡಿನ್ಯಾಗ ಕುಂತೀನಿ. ಬಾಜೂಕಿನ ಹುಡುಗ ಶ್ರೀಕೃಷ್ಣ ಪಾರಿಜಾತ ಬಯಲಾಟದ ಹಾಡು ಹಚ್ಯಾನ. "ಅಣ್ಣಾರ, 24 ಬಿಟ್ ಫೈಲ್ ರೀ ಇದು, ಭಾರೀ ಕ್ಲಿಯರ್!" ಅಂದ. ಕೇಳಸಾಕತ್ತಿದ್ದು ಬ್ಲೂಟೂತ್ ಸ್ಪೀಕರಿನ್ಯಾಗ, ಎದುರಿಗೆ ಕಬ್ಬಿನ ಟ್ರ್ಯಾಕ್ಟರ್.

ಬಿಟ್ ಅಂದ್ರ ದನಿಯ ಪ್ರತೀ ಅಳತೆ ಬರಿಯಾಕ ಬಳಸೂ ಅಂಕಿ. ಸಿಡಿಯ 16 ಬಿಟ್ಟಿನೊಳಗ ಅತೀ ಸಣ್ಣ ದನಿಗೂ ಅತೀ ಜೋರ್ ದನಿಗೂ ಸುಮಾರು 96 ಡೆಸಿಬಲ್ ಅಂತರ ಹಿಡೀತದ. ಮನ್ಯಾಗ ಕೇಳಾಕ ಸಾಕೋ ಸಾಕು. ಹಳೇ ಕ್ಯಾಸೆಟ್ಟಿಂದ ಇಳಿಸಿದ ಹಾಡಾದ್ರಂತೂ ಟೇಪಿನ 'ಸುಸ್' ಸದ್ದಿನ ಕೆಳಗ 16 ಬಿಟ್ಟಿನ ಕೊರತೆ ಮುಚ್ಚೇ ಹೋಗಿರ್ತದ.

ಹೆಚ್ಚಿನ ಬಿಟ್ ಬೇಕಾಗೂದು ಸ್ಟುಡಿಯೋದವ್ರಿಗೆ. ದನಿ ಏರಿಸು, ಇಳಿಸು, ಎಕೋ ಹಾಕು ಅಂತ ಲೆಕ್ಕದ ಮ್ಯಾಲೆ ಲೆಕ್ಕ ಮಾಡೂ ಮುಂದ, ಅಂಗಡ್ಯಾಗ ಚಿಲ್ಲರೆ ಬಿಟ್ಟಂಗ ಪ್ರತೀ ಸಲ ಚೂರು ಅಂಕಿ ಉದುರ್ತಾವ. ಅವೆಲ್ಲಾ ಕೂಡಿ ಕಿವಿಗೆ ಬೀಳಬಾರದಂತ ಒಳಗಿನ ಲೆಕ್ಕ ಹೆಚ್ಚಾಗಿ 32 ಬಿಟ್ ಫ್ಲೋಟಿಂಗ್‌ನ್ಯಾಗ ನಡೀತದ.

ನನ್ನ ಕೇಳಿದ್ರ, ನಮ್ಮ ಕಡಿ ಹಾಡು ಕೆಡಿಸೂದು ಮಿತಿ ಮೀರಿ ಒಡೆದ ವಾಲ್ಯೂಮು, ಮತ್ತ ಕುಗ್ಗಿಸಿ ಕುಗ್ಗಿಸಿ ಕಳಸಿದ ಎಂಪಿ3. ಪಾರಿಜಾತದ ಕಲಾವಿದೆ ಕೌಜಲಗಿ ನಿಂಗಮ್ಮನವರ ಹಳೇ ಕ್ಯಾಸೆಟ್ ಯಾರ ಹತ್ರರೆ ಅದಾವೇನು? 16ಕ್ಕೊಂದು, 24ಕ್ಕೊಂದು ಇಳಿಸಿ, ಯಾವುದು ಯಾವುದಂತ ಹೇಳದ ಕಳಸ್ರಿ. ಗುರ್ತು ಹಿಡದವ್ರಿಗೆ ಗೋಕಾಕ ಕರದಂಟು ನಂದು!