ಅಜ್ಜ, ಅಜ್ಜಿ ಮತ್ತು ಯೆಜ್ಡಿ: ಬೆಳ್ಳಾರೆಯ ಒಂದು ಬೇಸಿಗೆ

📷 1/8: ಮೊದಲು ಪರಿಚಯ

ಸಿಇಟಿ ಬರೆದಾದ ಮೇಲೆ ಕ್ಲಾಸಿನವರೆಲ್ಲ ಗೋಕರ್ಣ, ಊಟಿ ಅಂತ ಸ್ಟೋರಿ ಹಾಕ್ತಾ ಇದ್ರು. ನಾನು ಪುತ್ತೂರಿನಿಂದ ಬಸ್ ಹತ್ತಿ ಬೆಳ್ಳಾರೆಯ ಅಜ್ಜನ ಮನೆಗೆ ಬಂದೆ. "ಅಲ್ಲಿ ಎಂತ ಮಾಡ್ತೀಯಾ ಎರಡು ತಿಂಗಳು?" ಅಂತ ಕೇಳಿದವರಿಗೆಲ್ಲ ಉತ್ತರ ಈ ಎಂಟು ಪೋಸ್ಟಿನಲ್ಲಿ ಉಂಟು.

ಫೋಟೊದಲ್ಲಿ ಹೆಲ್ಮೆಟ್ ಹಾಕಿ ಹಿಂದೆ ಕೂತವರು ಅಜ್ಜಿ, 70 ವರ್ಷ. ಪ್ರೈಮರಿ ಶಾಲೆಯ ಟೀಚರ್ ಆಗಿದ್ದವರು. ಪೇಟೆಯಲ್ಲಿ ಈಗಲೂ ಅರ್ಧ ಜನಕ್ಕೆ ಅವರು "ಟೀಚರ್". ಮುಂದೆ ಕೂತವರು ಅಜ್ಜ, ಪೋಸ್ಟ್ ಆಫೀಸಿನಲ್ಲಿ ಕೆಲಸ ಮಾಡಿ ರಿಟೈರ್ ಆದವರು. ಇಬ್ಬರಿಗೂ ಪೆನ್ಷನ್, ಒಂದೂವರೆ ಎಕರೆ ಅಡಿಕೆ ತೋಟ, ಹಂಚಿನ ಮನೆ, ಒಂದು ನಾಯಿ.

ಮೂರನೆಯ ಸದಸ್ಯ ಅಂದರೆ ಆ ಬೈಕ್. ಅದರ ಕಥೆ ನಾಳೆ. ಒಂದು ವಿಷಯ ಮಾತ್ರ ಈಗಲೇ ಹೇಳಿ ಬಿಡ್ತೇನೆ. ಈ ಜೂನ್‌ನಲ್ಲಿ ಅಜ್ಜನಿಗೆ 75. ಅದೇ ತಿಂಗಳು ಅವರ ಡ್ರೈವಿಂಗ್ ಲೈಸೆನ್ಸ್ ಅವಧಿ ಮುಗಿಯುತ್ತದೆ. 55 ದಾಟಿದವರಿಗೆ ಐದೈದು ವರ್ಷಕ್ಕೆ ಮಾತ್ರ ರಿನೀವಲ್. ಹಾಗಾಗಿ ಮನೆಯಲ್ಲಿ ಎಲ್ಲರಿಗೂ ಗೊತ್ತಿತ್ತು, ಆದರೆ ಯಾರೂ ಬಾಯಿ ಬಿಟ್ಟು ಹೇಳುತ್ತಿರಲಿಲ್ಲ: ಇದು ಬೈಕಿನ ಕೊನೆಯ ಬೇಸಿಗೆ ಆಗಬಹುದು.

📷 2/8: 1984ರ ರೋಡ್‌ಕಿಂಗ್

ಬುಲೆಟ್ ಅಲ್ಲ ಮಾರ್ರೆ, ದಯವಿಟ್ಟು ಕಮೆಂಟಲ್ಲಿ ಬುಲೆಟ್ ಅನ್ನಬೇಡಿ, ಅಜ್ಜ ಓದ್ತಾರೆ. ಇದು ಯೆಜ್ಡಿ ರೋಡ್‌ಕಿಂಗ್, 250 ಸಿಸಿ, ಎರಡು ಸೈಲೆನ್ಸರ್. ನಮ್ಮ ರಾಜ್ಯದಲ್ಲೇ ಹುಟ್ಟಿದ ಗಾಡಿ. ಮೈಸೂರಿನ ಯಾದವಗಿರಿಯಲ್ಲಿ ಐಡಿಯಲ್ ಜಾವಾ ಅಂತ ಫ್ಯಾಕ್ಟರಿ ಇತ್ತು. ಮೊದಲು ಜಾವಾ, ಆಮೇಲೆ 1973ರಿಂದ ಯೆಜ್ಡಿ ಅನ್ನುವ ಹೆಸರು. 1996ರಲ್ಲಿ ಫ್ಯಾಕ್ಟರಿ ಮುಚ್ಚಿತು. 2022ರಲ್ಲಿ ಅದೇ ಹೆಸರಿನಲ್ಲಿ ಹೊಸ ಬೈಕ್ ಬಂತು, ಅದು ಬೇರೆ ಕಂಪನಿ, ಬೇರೆ ಇಂಜಿನ್.

ಇದರಲ್ಲಿ ಒಂದು ತಮಾಷೆ ಉಂಟು. ಕಿಕ್ಕರ್ ಮತ್ತು ಗೇರ್ ಲಿವರ್ ಎರಡೂ ಒಂದೇ. ಎಡಗಡೆಯ ಲಿವರನ್ನು ಒಳಕ್ಕೆ ಒತ್ತಿ ಮೇಲೆ ತಿರುಗಿಸಿದರೆ ಕಿಕ್ಕರ್, ಸ್ಟಾರ್ಟ್ ಆದ ಮೇಲೆ ಕೆಳಗೆ ಮಡಚಿದರೆ ಗೇರ್. ಮೊದಲ ಸಲ ನೋಡಿದವರು ಕಿಕ್ಕರ್ ಎಲ್ಲಿ ಅಂತ ಹುಡುಕಬೇಕು.

ಟು ಸ್ಟ್ರೋಕ್ ಆದ್ದರಿಂದ ಪೆಟ್ರೋಲಿಗೆ ಆಯಿಲ್ ಬೆರೆಸಬೇಕು. ಅಜ್ಜನ ಲೆಕ್ಕ ಲೀಟರಿಗೆ 40 ಎಂ.ಎಲ್. ಅಳೆಯುವುದಕ್ಕೆ ಅಜ್ಜಿಯ ಹಳೆಯ ಕೆಮ್ಮಿನ ಸಿರಪ್‌ನ ಮುಚ್ಚಳ.

ಹೋದ ವರ್ಷದಿಂದ ಅಜ್ಜನದ್ದು ಒಂದೇ ದೂರು: "ಟ್ಯಾಂಕಿನ ನೀಲಿ ಬಣ್ಣ ಮಾಸಿ ಬೂದಿಯ ಹಾಗೆ ಆಗಿದೆ, ಪೇಂಟ್ ಮಾಡಿಸಬೇಕು." ನನಗೆ ನೀಲಿಯೇ ಕಾಣ್ತಿತ್ತು. ಹಳೆ ಗಾಡಿಯವರ ಹಟ ಅಂತ ಸುಮ್ಮನಾದೆ. ಈ ಮಾತು ನೆನಪಿಡಿ, ಮತ್ತೆ ಬೇಕಾಗ್ತದೆ.

📷 3/8: ಮಾಡಿನ ಕೆಲಸ

ಬೇಸಿಗೆ ಅಂದರೆ ನಮ್ಮೂರಲ್ಲಿ ರಜೆ ಅಲ್ಲ, ಮಳೆಗಾಲಕ್ಕೆ ತಯಾರಿ. ಅಜ್ಜಿಯ ನೋಟ್‌ಬುಕ್ಕಿನಲ್ಲಿ ಪಟ್ಟಿ ಇತ್ತು: ಹಂಚು, ಸೌದೆ, ತೋಡಿನ ಹೂಳು, ತೋಟಕ್ಕೆ ಮದ್ದು, ಹಪ್ಪಳ, ಮಾಂಬಳ, ಪುನರ್ಪುಳಿ ಒಣಗಿಸುವುದು. ಒಂದೊಂದು ಮುಗಿದ ಹಾಗೆ ಕೆಂಪು ಪೆನ್ನಿನಲ್ಲಿ ರೈಟ್ ಮಾರ್ಕ್. ಟೀಚರ್ ಅಲ್ವಾ.

ಮೊದಲು ಹಂಚು. ಹಟ್ಟಿಯ ಮಾಡಿನಲ್ಲಿ ಎರಡು ರೀಪು ಗೆದ್ದಲು ಹಿಡಿದಿತ್ತು. ಹಂಚು ಇಳಿಸಿ, ರೀಪು ಬದಲಾಯಿಸಿ, ಮತ್ತೆ ಹಂಚು ಇಟ್ಟದ್ದು ಮೂರು ದಿನದ ಕೆಲಸ. ಏಣಿ ಹತ್ತಲು ಅಜ್ಜನಿಗೆ ಅಜ್ಜಿಯ ಪರ್ಮಿಷನ್ ಇರಲಿಲ್ಲ. ನಾನು ಮತ್ತು ಪಕ್ಕದ ಮನೆಯ ಅಣ್ಣ ಮೇಲೆ, ಅಜ್ಜ ಕೆಳಗೆ ನಿಂತು ಸೂಪರ್‌ವೈಸರ್.

ಸ್ವೈಪ್ ಮಾಡಿದರೆ ಒಂದು ಹಂಚಿನ ಹಿಂಬದಿ ಕಾಣ್ತದೆ. ಬಾಸೆಲ್ ಮಿಷನ್ ಅಂತ ಇಂಗ್ಲಿಷಿನಲ್ಲಿ, ಕೆಳಗೆ 1865. "ಅಬ್ಬಾ, 160 ವರ್ಷದ ಹಂಚು!" ಅಂತ ನಾನು ಕುಣಿದೆ. ಅಜ್ಜ ನಕ್ಕರು. "ಅದು ಹಂಚು ಮಾಡಿದ ವರ್ಷ ಅಲ್ಲ, ಫ್ಯಾಕ್ಟರಿ ಶುರು ಆದ ವರ್ಷ." ಮಂಗಳೂರಿನ ಜೆಪ್ಪುವಿನಲ್ಲಿ 1865ರಲ್ಲಿ ಶುರುವಾದ ಕಾರ್ಖಾನೆ ಅದು. ಹಂಚು ಎಷ್ಟು ಹಳೆಯದು ಅಂತ ಯಾರಿಗೂ ಲೆಕ್ಕ ಇಲ್ಲ, ಒಡೆಯದ ಹಂಚು ಮತ್ತೆ ಅದೇ ಜಾಗಕ್ಕೆ ಹೋಯ್ತು.

📷 4/8: ಸಂಜೆ ಸವಾರಿ

ಕೆಲಸ ಮುಗಿಸಿ ನಾಲ್ಕೂವರೆಗೆ ಚಾ. ಚಾ ಆದ ಮೇಲೆ ಅಜ್ಜಿ ಸೀರೆ ಬದಲಾಯಿಸಿದರೆ ಅಜ್ಜನಿಗೆ ಅರ್ಥ ಆಗ್ತದೆ. "ಇವರೇ, ಒಮ್ಮೆ ಪೇಟೆಗೆ ಹೋಗಿ ಬರುವನಾ?" ಪೇಟೆ ಅನ್ನುವುದು ನೆಪ. ಕೆಲವೊಮ್ಮೆ ಪೆರುವಾಜೆ ದೇವಸ್ಥಾನದವರೆಗೆ, ಕೆಲವೊಮ್ಮೆ ಸುಳ್ಯದ ಕಡೆ. ನಾನು ಅತ್ತೆಯ ಹಳೆ ಸ್ಕೂಟಿಯಲ್ಲಿ ಹಿಂದೆ, ಕ್ಯಾಮೆರಾಮನ್.

ಒಂದು ದಿನ ಬೆಳ್ಳಾರೆಯ ಬಂಗ್ಲೆಗುಡ್ಡೆಗೆ ಹೋದೆವು. ಬ್ರಿಟಿಷರ ಕಾಲದಲ್ಲಿ ಇಲ್ಲಿ ಖಜಾನೆ ಇತ್ತು. 1837ರಲ್ಲಿ ಅಮರ ಸುಳ್ಯದ ರೈತರು ದಂಗೆ ಎದ್ದಾಗ ಈ ಖಜಾನೆಯನ್ನು ವಶ ಮಾಡಿಕೊಂಡು ಮಂಗಳೂರಿನವರೆಗೆ ಹೋದರು. ಸುಮಾರು ಎರಡು ವಾರ ಮಂಗಳೂರು ಅವರ ಕೈಯಲ್ಲಿತ್ತು. ಬ್ರಿಟಿಷರು ಅದನ್ನು ಹಗುರ ಮಾಡಿ "ಕಲ್ಯಾಣಪ್ಪನ ಕಾಟಕಾಯಿ" ಅಂತ ಹೆಸರು ಉಳಿಯುವ ಹಾಗೆ ಮಾಡಿದರು. ಮುಂದಾಳು ಕೆದಂಬಾಡಿ ರಾಮಯ್ಯ ಗೌಡರ ಪ್ರತಿಮೆ ಮಂಗಳೂರಿನ ಬಾವುಟಗುಡ್ಡೆಯಲ್ಲಿ ನಿಂತದ್ದು 2022ರಲ್ಲಿ. ಸ್ವಾತಂತ್ರ್ಯ ಹೋರಾಟ ಅಂದರೆ 1857 ಅಂತ ಬಾಯಿಪಾಠ ಮಾಡಿದ ನಮ್ಮ ಬ್ಯಾಚಿನವರೇ, ಅದಕ್ಕಿಂತ 20 ವರ್ಷ ಮೊದಲು ನಮ್ಮೂರಲ್ಲಿ ಇದು ಆಗಿದೆ.

ಅಜ್ಜಿ ಆ ಗುಡ್ಡೆಯಲ್ಲಿ ನಿಂತು ಪಾಠ ಮಾಡಿದ್ರು. ಅಜ್ಜ ಬೈಕಿನ ಪ್ಲಗ್ ಬಿಚ್ಚಿ ಉಜ್ಜುತ್ತಾ ಇದ್ರು. ಇಬ್ಬರೂ ಖುಷಿ.

📷 5/8: ಬಿಸ್ಲೆ

ಎಲ್ಲರೂ ಕಾಯ್ತಿದ್ದ ಪೋಸ್ಟ್ ಇದು 😄

ಏಪ್ರಿಲ್‌ನಲ್ಲಿ, ಬೆಳಿಗ್ಗೆ ಆರಕ್ಕೆ ಹೊರಟೆವು. ಬೆಳ್ಳಾರೆ, ನಿಂತಿಕಲ್ಲು, ಪಂಜ, ಸುಬ್ರಹ್ಮಣ್ಯ, ಕುಲ್ಕುಂದ, ಅಲ್ಲಿಂದ ಘಾಟಿ. ಕಾಡು ಎಷ್ಟು ದಟ್ಟ ಅಂದರೆ ಏಪ್ರಿಲ್‌ನಲ್ಲೂ ಅಜ್ಜಿ ಶಾಲು ಹೊದ್ದುಕೊಂಡರು. ಏರುವಾಗ ಯೆಜ್ಡಿ ಎರಡನೇ ಗೇರಿನಲ್ಲಿ ಕೊಟ್ಟ ಶಬ್ದ ಇಡೀ ಕಣಿವೆಗೆ ಕೇಳಿರಬೇಕು. ಮಧ್ಯೆ ಎರಡು ಸಲ ನಿಲ್ಲಿಸಿದ್ರು, ಇಂಜಿನ್ ತಣಿಯಲಿಕ್ಕೆ. ಅಜ್ಜಿ ಆ ಹೊತ್ತಿಗೆ ನೀರು, ಅವಲಕ್ಕಿ ತೆಗೆದು ರೆಡಿ.

ವ್ಯೂ ಪಾಯಿಂಟಿನಲ್ಲಿ ಎದುರಿಗೇ ಕುಮಾರ ಪರ್ವತ. ಮತ್ತೆ ಸಕಲೇಶಪುರದ ಕಡೆ ಹೋದರೆ ಮಂಕನಹಳ್ಳಿಯ ರಿಡ್ಜ್ ಪಾಯಿಂಟ್. ಅಲ್ಲಿ ಬಿದ್ದ ಮಳೆ ಒಂದು ಕಡೆ ಹರಿದರೆ ಅರಬ್ಬಿ ಸಮುದ್ರಕ್ಕೆ, ಇನ್ನೊಂದು ಕಡೆ ಹರಿದರೆ ಬಂಗಾಳ ಕೊಲ್ಲಿಗೆ. ಅಜ್ಜಿ ಬಾಟಲಿಯ ನೀರನ್ನು ಆಚೆ ಸ್ವಲ್ಪ, ಈಚೆ ಸ್ವಲ್ಪ ಚೆಲ್ಲಿದರು. ಎಷ್ಟೋ ವರ್ಷ ಮಕ್ಕಳಿಗೆ ಭೂಪಟದಲ್ಲಿ ಹೇಳಿಕೊಟ್ಟದ್ದನ್ನು ಕಣ್ಣಾರೆ ನೋಡಿದ್ದು ಇವತ್ತೇ ಅಂದ್ರು.

ಇಳಿಯುವಾಗ ಅಜ್ಜ ಆಗಾಗ ಕ್ಲಚ್ ಹಿಡಿದು ಸ್ವಲ್ಪ ಎಕ್ಸಿಲರೇಟರ್ ಕೊಡ್ತಿದ್ರು. ಯಾಕೆ ಅಂತ ಕೇಳಿದೆ. ಟು ಸ್ಟ್ರೋಕಿನಲ್ಲಿ ಆಯಿಲ್ ಬರುವುದೇ ಪೆಟ್ರೋಲಿನ ಜೊತೆ. ಉದ್ದ ಇಳಿಜಾರಿನಲ್ಲಿ ಪೂರ್ತಿ ಮುಚ್ಚಿಟ್ಟರೆ ಇಂಜಿನ್‌ಗೆ ಆಯಿಲ್ ಸಾಕಾಗುವುದಿಲ್ಲ. ಇದನ್ನು ಯಾವ ಯೂಟ್ಯೂಬೂ ನನಗೆ ಹೇಳಿರಲಿಲ್ಲ.

ಒಂದು ತಿರುವಿನಲ್ಲಿ ಎಡಗಡೆಯಿಂದ ದನ ಬಂತು. ಅಜ್ಜ ಬ್ರೇಕ್ ಹಾಕಿದ್ದು ತುಂಬಾ ತಡವಾಗಿ. ಏನೂ ಆಗಲಿಲ್ಲ. ಆದರೆ ಅಲ್ಲಿಂದ ಮನೆಯವರೆಗೆ ಅಜ್ಜಿ ಒಂದು ಮಾತೂ ಆಡಲಿಲ್ಲ.

📷 6/8: ಹಪ್ಪಳ ಮತ್ತು ಮೀಟಿಂಗ್

ಮೇ ಮೊದಲ ವಾರ ಮನೆ ತುಂಬಿತು. ಬೆಂಗಳೂರಿನಿಂದ ದೊಡ್ಡಪ್ಪ, ದೊಡ್ಡಮ್ಮ, ಮೈಸೂರಿನಿಂದ ಅತ್ತೆ, ಮಾವ, ಮಕ್ಕಳು, ಪುತ್ತೂರಿನಿಂದ ಅಪ್ಪ, ಅಮ್ಮ. ಒಟ್ಟು 13 ಜನ, ಒಂದೇ ಬಾತ್‌ರೂಮ್. ನೀವೇ ಊಹಿಸಿ.

ಹಲಸಿನ ಹಪ್ಪಳಕ್ಕೆ ಇಷ್ಟು ಜನ ಬೇಕೇ ಬೇಕು. ಬೆಳೆದ ಕಾಯಿ ಕೊಯ್ದು, ಮೇಣಕ್ಕೆ ಕೈಗೆಲ್ಲ ಎಣ್ಣೆ ಹಚ್ಚಿ ಸೊಳೆ ಬಿಡಿಸಿ, ಹಬೆಯಲ್ಲಿ ಬೇಯಿಸಿ, ಬಿಸಿ ಇರುವಾಗಲೇ ಉಪ್ಪು, ಮೆಣಸು, ಜೀರಿಗೆ ಹಾಕಿ ಗುದ್ದಬೇಕು. ಆಮೇಲೆ ಉಂಡೆ, ಎರಡು ಪ್ಲಾಸ್ಟಿಕ್ ಹಾಳೆಯ ನಡುವೆ ಇಟ್ಟು ಮಣೆಯಲ್ಲಿ ಒತ್ತಿದರೆ ಹಪ್ಪಳ. ಚಾಪೆಯಲ್ಲಿ ಬಿಸಿಲಿಗೆ. ಅಜ್ಜ ಎರಡು ಹಲಗೆಗೆ ಕೀಲು ಹಾಕಿ ಒತ್ತುವ ಯಂತ್ರ ಮಾಡಿದ್ದರು, ಒಂದೇ ದಿನ 400 ದಾಟಿತು.

ಹಪ್ಪಳ ಒತ್ತುತ್ತಾ ದೊಡ್ಡಪ್ಪ ಶುರು ಮಾಡಿದ್ರು. "ಅಪ್ಪಾ, ಲೈಸೆನ್ಸ್ ರಿನೀವಲ್ ಬೇಡ. ಗಾಡಿ ಕೊಟ್ಟುಬಿಡುವ. ಬೆಂಗಳೂರಲ್ಲಿ ಹಳೆ ಯೆಜ್ಡಿಗೆ ಒಳ್ಳೆ ರೇಟ್ ಉಂಟು." ಅಜ್ಜ: "40 ವರ್ಷದಲ್ಲಿ ಒಮ್ಮೆಯೂ ಬಿದ್ದಿಲ್ಲ ನಾನು." ದೊಡ್ಡಪ್ಪ: "ಬಿದ್ದ ಮೇಲೆ ಮಾತಾಡುವುದಕ್ಕಿಂತ ಈಗ ಮಾತಾಡುವುದು ಒಳ್ಳೇದಲ್ವಾ?" ಅತ್ತೆಗೆ ಸಿಟ್ಟು ಬಂತು: "ಮನೆಯಿಂದ ಬಸ್‌ಸ್ಟಾಪಿಗೆ ಎರಡು ಕಿಲೋಮೀಟರ್. ಬೈಕ್ ಇಲ್ಲದಿದ್ದರೆ ಇವರಿಬ್ಬರು ಮನೆಯಲ್ಲೇ ಕೂರಬೇಕಾ?"

ಎರಡು ಕಡೆಯ ಮಾತೂ ಸರಿಯೇ. ಹಾಗಾಗಿಯೇ ಜಗಳ ಮುಗಿಯಲಿಲ್ಲ. ಅಜ್ಜಿ ಮಾತ್ರ ಸುಮ್ಮನೆ ಹಪ್ಪಳ ಲೆಕ್ಕ ಮಾಡ್ತಾ ಇದ್ರು.

📷 7/8: 25 ಮೀಟರ್

ಮರುದಿನ ಬೆಳಿಗ್ಗೆ ಅಜ್ಜಿ ನನ್ನ ಹತ್ತಿರ ಕೇಳಿದ್ದು: "ಆ ಲೈಸೆನ್ಸಿನ ಫಾರ್ಮ್ ಮೊಬೈಲಲ್ಲಿ ಸಿಗ್ತದಾ?"

ಸಿಕ್ಕಿತು. ಫಾರ್ಮ್ 1ಎ, ಡಾಕ್ಟರ್ ತುಂಬಿ ಸಹಿ ಹಾಕುವ ಮೆಡಿಕಲ್ ಸರ್ಟಿಫಿಕೇಟ್. ಅದರಲ್ಲಿ ಒಂದು ಪ್ರಶ್ನೆ: ಒಳ್ಳೆಯ ಹಗಲು ಬೆಳಕಿನಲ್ಲಿ, 25 ಮೀಟರ್ ದೂರದಿಂದ, ಬೇಕಾದರೆ ಕನ್ನಡಕ ಹಾಕಿಯೇ, ಕಾರಿನ ನಂಬರ್ ಪ್ಲೇಟ್ ಗುರುತಿಸಲು ಆಗ್ತದಾ?

ಅಜ್ಜಿ ಬಾವಿಯ ಹಗ್ಗ ತಂದು ಅಂಗಳದಲ್ಲಿ 25 ಮೀಟರ್ ಅಳೆದರು. ರಟ್ಟಿನ ಮೇಲೆ ದಪ್ಪ ಅಕ್ಷರದಲ್ಲಿ ಕೆಎ-21 ಅಂತ ಶುರುಮಾಡಿ ಒಂದು ನಂಬರ್ ಬರೆದರು. ಅಡಿಕೆ ಮರಕ್ಕೆ ಕಟ್ಟಿದರು. ಇಡೀ ಕುಟುಂಬ ಚಾವಡಿಯಲ್ಲಿ ಪ್ರೇಕ್ಷಕರು.

ಎರಡೂ ಕಣ್ಣು ಬಿಟ್ಟು ಅಜ್ಜ ಪಟಪಟ ಓದಿದ್ರು. ದೊಡ್ಡಪ್ಪನ ಮುಖ ಸಣ್ಣದಾಯ್ತು. ಅಜ್ಜಿ ಬಿಡಲಿಲ್ಲ. "ಈಗ ಬಲಗಣ್ಣು ಮುಚ್ಚಿ." ರಟ್ಟು ತಿರುಗಿಸಿ ಇನ್ನೊಂದು ನಂಬರ್ ಬರೆದರು. ಅಜ್ಜ ನೋಡಿದ್ರು, ಕಣ್ಣು ಉಜ್ಜಿದ್ರು, ಒಂದು ಹೆಜ್ಜೆ ಮುಂದೆ ಬಂದ್ರು. ಎಂಟಾ, ಮೂರಾ, ಗೊತ್ತಾಗಲಿಲ್ಲ. ಯಾರೂ ನಗಲಿಲ್ಲ.

ಅಜ್ಜಿ ಮೆತ್ತಗೆ ಹೇಳಿದ್ರು: "ಬಿಸ್ಲೆಯಲ್ಲಿ ಆ ದನ ಬಂದದ್ದು ಎಡಗಡೆಯಿಂದ. ನಿಮಗೆ ಅದು ಕಾಣಲೇ ಇಲ್ಲ. ಬಿದ್ದರೆ ಬೀಳುವುದು ನೀವು ಒಬ್ಬರೇ ಅಲ್ಲ, ಹಿಂದೆ ನಾನಿದ್ದೇನೆ."

ಬೈಕಿನ ಕೀ ಅವತ್ತು ಅಕ್ಕಿಯ ಡಬ್ಬಕ್ಕೆ ಹೋಯ್ತು. ಅಜ್ಜ ಮೂರು ದಿನ ಯಾರ ಹತ್ತಿರವೂ ಜಾಸ್ತಿ ಮಾತಾಡಲಿಲ್ಲ. ಇಡೀ ಮಳೆಗಾಲದ ಸೌದೆಯನ್ನು ಆ ಮೂರೇ ದಿನದಲ್ಲಿ ಒಟ್ಟಿದರು. ನಾಲ್ಕನೇ ದಿನ ಅವರೇ ಹೇಳಿದ್ರು, "ಡಾಕ್ಟರ್ ಹತ್ತಿರ ಹೋಗುವ."

📷 8/8: ಪತ್ತನಾಜೆ ಕಳೆದ ಮೇಲೆ

ಡಾಕ್ಟರ್ ಹೇಳಿದ್ದು ನೇರ: ಎಡಗಣ್ಣಿಗೆ ಪೊರೆ. ಆಪರೇಷನ್ ಮಾಡಿಸಿ, ಕಣ್ಣು ಸರಿಯಾದ ಮೇಲೆ ಬನ್ನಿ, ಆಗ ನೋಡಿ ಸಹಿ ಹಾಕುವ. ಬೆಳಿಗ್ಗೆ ಹೋಗಿ ಸಂಜೆ ಮನೆಗೆ ಬಂದದ್ದು, ಅಷ್ಟೇ. ಆಮೇಲೆ ಹೊತ್ತು ಹೊತ್ತಿಗೆ ಕಣ್ಣಿಗೆ ಮದ್ದು, ಧೂಳಿಗೆ ಹೋಗಬಾರದು, ತಲೆಗೆ ನೀರು ಹಾಕಬಾರದು. ಅಜ್ಜಿಯ ನೋಟ್‌ಬುಕ್ಕಿನಲ್ಲಿ ಹೊಸ ಪಟ್ಟಿ, ಹೊಸ ರೈಟ್ ಮಾರ್ಕ್‌ಗಳು. ತೋಟಕ್ಕೆ ಬೋರ್ಡೋ ಬಿಡುವ ಕೆಲಸ ಅಪ್ಪ ನೋಡಿಕೊಂಡರು.

ಕಟ್ಟು ಬಿಚ್ಚಿದ ಎರಡನೇ ದಿನ ಅಜ್ಜ ಶೆಡ್ಡಿನ ಬಾಗಿಲಲ್ಲಿ ತುಂಬಾ ಹೊತ್ತು ನಿಂತಿದ್ರು. ಬಲಗಣ್ಣು ಮುಚ್ಚಿ ನೋಡ್ತಾರೆ, ಎಡಗಣ್ಣು ಮುಚ್ಚಿ ನೋಡ್ತಾರೆ. "ಹೋಯ್, ಇದು ನೀಲಿಯೇ ಉಂಟಲ್ಲ!" ಪೊರೆ ಬಂದ ಕಣ್ಣಿಗೆ ಬಣ್ಣಗಳು ಹಳದಿಯಾಗಿ, ಮಂಕಾಗಿ ಕಾಣ್ತವಂತೆ, ನೀಲಿ ಎಲ್ಲಕ್ಕಿಂತ ಜಾಸ್ತಿ. ಮಾಸಿದ್ದು ಟ್ಯಾಂಕ್ ಆಗಿರಲಿಲ್ಲ. ಪೇಂಟಿನ ಖರ್ಚು ಉಳಿಯಿತು.

ಪತ್ತನಾಜೆ ಕಳೆಯಿತು. ಕೋಲ, ಆಟ, ಜಾತ್ರೆ ಎಲ್ಲ ಈ ವರ್ಷಕ್ಕೆ ಮುಗಿಯಿತು. ಬಂದವರೆಲ್ಲ ಹಪ್ಪಳದ ಕಟ್ಟು ಹಿಡಿದು ಹೊರಟರು. ದೊಡ್ಡಪ್ಪ ಹೋಗುವ ಮೊದಲು ತಾನೇ ಯೆಜ್ಡಿಯ ಪೆಟ್ರೋಲ್ ಇಳಿಸಿ, ಚೈನಿಗೆ ಗ್ರೀಸ್ ಹಚ್ಚಿ, ಟಾರ್ಪಾಲ್ ಹೊದಿಸಿದ್ರು. ಮಾರುವ ಮಾತು ಎತ್ತಲಿಲ್ಲ.

ಲೈಸೆನ್ಸ್ ಜೂನ್‌ನಲ್ಲಿ ಮುಗಿಯುತ್ತದೆ. ಅವಧಿ ಮುಗಿದು ಒಂದು ವರ್ಷದೊಳಗೆ ಅರ್ಜಿ ಹಾಕಬಹುದು, ಆದರೆ ರಿನೀವಲ್ ಆಗುವವರೆಗೆ ಗಾಡಿ ಮುಟ್ಟುವ ಹಾಗಿಲ್ಲ. ಹೇಗೂ ನಮ್ಮ ಮಳೆಗೆ ಯೆಜ್ಡಿ ಹೊರಗೆ ಬರುವುದಿಲ್ಲ. ಡಾಕ್ಟರ್ ಸಹಿ ಹಾಕಿದರೆ ದೀಪಾವಳಿಗೆ ಮತ್ತೆ ಸ್ಟಾರ್ಟ್, ಅಜ್ಜಿಯ ಷರತ್ತಿನ ಮೇಲೆ: ಕತ್ತಲಾದ ಮೇಲೆ ಇಲ್ಲ, ಮಳೆಯಲ್ಲಿ ಇಲ್ಲ, ಹೈವೇ ಇಲ್ಲ, ಪ್ರತಿ ಆರು ತಿಂಗಳಿಗೆ ಅಂಗಳದಲ್ಲಿ ಪರೀಕ್ಷೆ. ಸಹಿ ಹಾಕದಿದ್ದರೆ? ಅಜ್ಜ ಹೇಳಿದ್ದು, "ಹಾಕದಿದ್ದರೆ ಆಟೊ ಉಂಟಲ್ಲ. ಗಾಡಿಯನ್ನು ನಿನಗೆ ಕಲಿಸ್ತೇನೆ, ಮೊದಲು ನೀನು ಲೈಸೆನ್ಸ್ ಮಾಡು."

ಫ್ರೆಂಡ್ಸ್, ಈ ಸೀರೀಸ್ ಇಷ್ಟ ಆದರೆ ಲೈಕ್ ಬೇಡ, ಒಂದು ಕೆಲಸ ಮಾಡಿ. ನಿಮ್ಮ ಅಜ್ಜ, ಅಜ್ಜಿ, ಅಪ್ಪ, ಯಾರು ಗಾಡಿ ಬಿಡ್ತಾರೋ ಅವರನ್ನು ಅಂಗಳದಲ್ಲಿ ನಿಲ್ಲಿಸಿ. 25 ಮೀಟರ್ ಅಳೆಯಿರಿ. ಒಂದೊಂದೇ ಕಣ್ಣು ಮುಚ್ಚಿಸಿ ಓದಿಸಿ. ನಗುತ್ತಾ ಮಾಡಿ, ಆದರೆ ಮಾಡಿ. ಎಂತ ಆಯ್ತು ಅಂತ ಕಮೆಂಟಲ್ಲಿ ಹೇಳಿ, ಅಜ್ಜಿ ಓದಿ ಮಾರ್ಕ್ ಕೊಡ್ತಾರೆ.

#ಬೆಳ್ಳಾರೆ #ನಮ್ಮಸುಳ್ಯ #ಯೆಜ್ಡಿ #ಅಜ್ಜಅಜ್ಜಿ #ಹಲಸಿನಹಪ್ಪಳ #ಬೇಸಿಗೆರಜೆ