ಮೋರಿ ನೀರಿನ ದಂಟು

ಬಸ್ಸಾರು, ಮಸೊಪ್ಪು, ಉಪ್ಪೆಸರು. ವಾರಕ್ಕೆರಡು ಸಲವಾದರೂ ಸೊಪ್ಪು ಯಾವುದೋ ಒಂದು ವೇಷ ಹಾಕಿಕೊಂಡು ಮುದ್ದೆಯ ಪಕ್ಕ ಬಂದು ಕೂರದಿದ್ದರೆ ಬೆಂಗಳೂರು ಸೀಮೆಯವರಿಗೆ ಉಂಡಂತಾಗುವುದಿಲ್ಲ. ಆಲೂಗಡ್ಡೆ ಎಷ್ಟು ದೂರದಿಂದ ಬಂದರೂ ನಡೆದೀತು. ಬೆಳಗಿನ ಜಾವ ಕಿತ್ತ ದಂಟು ಮಧ್ಯಾಹ್ನಕ್ಕೆಲ್ಲ ತಲೆ ಬಾಗಿಸುತ್ತದೆ. ಹಾಗಾಗಿ ಊರು ಎಷ್ಟೇ ಬೆಳೆದರೂ ಸೊಪ್ಪಿನ ಮಡಿಗಳು ಅದರ ಅಂಚಿಗೇ ಅಂಟಿಕೊಂಡಿರಬೇಕು. ಒಂದು ಕಾಲಕ್ಕೆ ಆ ಅಂಚು ಸಂಪಂಗಿ ಕೆರೆಯ ಸುತ್ತಲಿನ ತಿಗಳರ ತೋಟಗಳಲ್ಲಿತ್ತು. ಈಗ ಕೆರೆಯ ಮೇಲೆ ಕಂಠೀರವ ಕ್ರೀಡಾಂಗಣ ಕೂತಿದೆ. ಮಡಿಗಳು ಮೈಸೂರು ರಸ್ತೆ, ಹೊಸಕೋಟೆ, ಆನೇಕಲ್ ಕಡೆಗೆ ಸರಿದಿವೆ.

ಮೈಸೂರು ರಸ್ತೆಯ ಕಡೆ ಸರಿದದ್ದಕ್ಕೆ ಜೊತೆಗಾತಿ ವೃಷಭಾವತಿ ನದಿ. ಬಸವನಗುಡಿಯ ನಂದಿಯ ಪಾದದಲ್ಲಿ ಹುಟ್ಟಿದವಳೆಂದು ಪ್ರತೀತಿ. ಗಾಳಿ ಆಂಜನೇಯನಿಗೆ ಪಕ್ಕದಲ್ಲೇ ನಮಸ್ಕಾರ ಹೇಳಿ ಕೆಂಗೇರಿ ಮುಟ್ಟುವಷ್ಟರಲ್ಲಿ ಬಸ್ಸಿನ ಕಿಟಕಿಗಳು ತಾವಾಗಿ ಮುಚ್ಚಿಕೊಳ್ಳುತ್ತವೆ. ಅರ್ಧ ಊರಿನ ಸ್ನಾನ, ಶೌಚ, ಪಾತ್ರೆ ತೊಳೆದ ನೀರು, ಜೊತೆಗೆ ಪೀಣ್ಯದ ಕಾರ್ಖಾನೆಗಳದ್ದೂ ಸೇರಿ ಬಿಡದಿಯ ಆಚೆ ಬೈರಮಂಗಲದ ಕೆರೆಗೆ ಬೀಳುತ್ತವೆ.

ಅಲ್ಲಿಯ ಅಚ್ಚುಕಟ್ಟಿನಲ್ಲಿ ಹಿಂದೆ ಭತ್ತ ಬೆಳೆಯುತ್ತಿತ್ತು. ಮೋರಿ ನೀರಿನಲ್ಲಿ ಸಾರಜನಕ ಎಷ್ಟಿರುತ್ತದೆಂದರೆ, ಪೈರು ಬರೀ ಗರಿ ಬಿಟ್ಟು ಮಾರುದ್ದ ಬೆಳೆದು, ಕಾಳು ಕಟ್ಟುವ ಹೊತ್ತಿಗೆ ಮಕಾಡೆ ಮಲಗಿಬಿಡುತ್ತದೆ. ಎಲೆಯೇ ಫಸಲಾದ, ಇಲ್ಲವೇ ಕಾಳು ಕಟ್ಟುವ ಮೊದಲೇ ಕೀಳುವ ಬೆಳೆಗೆ ಇದೇ ಯೋಗ. ಹುಲ್ಲು, ಹಿಪ್ಪುನೇರಳೆ, ಸೊಪ್ಪು, ಬೇಬಿ ಕಾರ್ನ್ ಎಲ್ಲವೂ ಸೊಂಪಾಗಿ ಬರುತ್ತವೆ. ಏನು ಬೆಳೆಯಬೇಕೆಂದು ನಿರ್ಧರಿಸುವುದು ರೈತನೂ ಅಲ್ಲ, ಕೃಷಿ ಇಲಾಖೆಯೂ ಅಲ್ಲ, ನಮ್ಮ ಫ್ಲಶ್ಶು! ಯೂರಿಯಾ ಖರ್ಚು ಉಳಿಯುತ್ತದೆ. ಬೇಸಿಗೆಯಲ್ಲಿ ಊರೆಲ್ಲ ಒಣಗಿದಾಗಲೂ ಈ ನೀರು ನಿಲ್ಲುವುದಿಲ್ಲ. ಕಾವೇರಿಯನ್ನು ತೊರೆಕಾಡನಹಳ್ಳಿಯಿಂದ ಸುಮಾರು ನೂರು ಕಿಲೋಮೀಟರು ಕರೆಂಟು ಸುರಿದು ಮೇಲೆತ್ತಿ ತರುತ್ತೇವೆ. ಮೋರಿಗಿಳಿದ ಮೇಲೆ ಇಲ್ಲಿಂದ ಅವಳು ಇಳಿಜಾರಿನಲ್ಲಿ ಪುಕ್ಕಟೆಯಾಗಿ ಹೊಲಕ್ಕೆ ಹರಿಯುತ್ತಾಳೆ, ಉಳಿದವಳು ಅರ್ಕಾವತಿಯನ್ನು ಕೂಡಿ ಸಂಗಮದಲ್ಲಿ ಮತ್ತೆ ಕಾವೇರಿಯೇ ಆಗುತ್ತಾಳೆ.

ಇಷ್ಟೇ ಆಗಿದ್ದರೆ ನಾನು ಈ ವ್ಯವಸ್ಥೆಯನ್ನು ಹೊಗಳುತ್ತಿದ್ದೆ. ಊರಿನ ಗೊಬ್ಬರ ಹೊಲಕ್ಕೆ ಹೋಗುವುದು ತಿಗಳರ ಕಾಲದಲ್ಲೂ ಇತ್ತು. ಆದರೆ ಆಗಿನ ಗೊಬ್ಬರದಲ್ಲಿ ಕ್ಯಾಡ್ಮಿಯಂ, ಸೀಸ, ಕ್ರೋಮಿಯಂ ಬೆರೆಸುವಂಥ ಕಾರ್ಖಾನೆಗಳಿರಲಿಲ್ಲ. ಇವು ಮಣ್ಣಿನಲ್ಲಿ ಕೂತರೆ ಏಳುವುದಿಲ್ಲ, ಎದ್ದರೆ ಎಲೆಗೇ. ಹಣ್ಣುಕಾಯಿಗಿಂತ ಸೊಪ್ಪಿಗೆ ಇವುಗಳ ಮೇಲೆ ಮೋಹ ಹೆಚ್ಚು. ನಾವು ಉಪ್ಪು, ಅರಿಶಿನದ ನೀರಿನಲ್ಲಿ ಮೂರು ಸಲ ಅದ್ದಿ ತೆಗೆದು ನೆಮ್ಮದಿಪಡುತ್ತೇವೆ. ಮೇಲಿನ ಕೊಳೆ ಹೋಗುತ್ತದೆ, ಒಂದಿಷ್ಟು ಕ್ರಿಮಿಯೂ ಹೋಗಬಹುದು. ಎಲೆಯ ಒಳಗಿರುವ ಲೋಹಕ್ಕೆ ಅರಿಶಿನ ಏನು ಮಾಡೀತು?

ಬೈಯುವವರು ಮೊದಲು ರೈತನನ್ನೇ ಬೈಯುತ್ತಾರೆ. ಇದು ನನಗೆ ಒಪ್ಪಿಗೆಯಿಲ್ಲ. ಆ ನೀರಿನಲ್ಲಿ ಮೊಣಕಾಲವರೆಗೆ ನಿಂತು ತುರಿಕೆ ತರಿಸಿಕೊಳ್ಳುವವನು ಅವನು. ನಾವು ಸಂಜೆ ಕರಿದ ಬೇಬಿ ಕಾರ್ನ್ ಮಂಚೂರಿ ತಿನ್ನುತ್ತ 'ಲೋಕಲ್ ಆದದ್ದೇ ಆರೋಗ್ಯ' ಎಂದು ವಾದಿಸುವವರು. ದೂರದ ಲಾರಿಯ ಹೊಗೆ ತಪ್ಪಿತು, ನಿಜ. ಹತ್ತಿರದ ಮೋರಿ ಲೆಕ್ಕಕ್ಕೆ ಬರಲಿಲ್ಲ.

ಊರಿನ ಇನ್ನೊಂದು ಮಗ್ಗುಲಿನಲ್ಲಿ ಲೆಕ್ಕ ಇನ್ನೂ ಉದ್ದ. ಕೋರಮಂಗಲ-ಚಲ್ಲಘಟ್ಟ ಕಣಿವೆಯ ನೀರನ್ನು ಎರಡು ಹಂತ ಶುದ್ಧಿ ಮಾಡಿ 2018ರಿಂದ ಕೋಲಾರದ ಕೆರೆಗಳಿಗೆ ಪಂಪು ಮಾಡುತ್ತಿದ್ದಾರೆ. ಆ ವರ್ಷವೇ ಲಕ್ಷ್ಮೀಸಾಗರ ಕೆರೆಯಲ್ಲಿ ನೊರೆ ಕಂಡು ವಿಷಯ ಹೈಕೋರ್ಟಿನ ಮೆಟ್ಟಿಲೇರಿತು. ಮೂರನೇ ಹಂತದ ಶುದ್ಧಿಯೂ ಆಗಬೇಕೆಂದು ಅಲ್ಲಿಯ ಹೋರಾಟಗಾರರು ಕೇಳುತ್ತಲೇ ಬಂದರು. ಸಾವಿರ ಅಡಿ ಕೊರೆದರೂ ನೀರು ಕಾಣದ ಸೀಮೆಯಲ್ಲಿ ಕೆರೆ ತುಂಬಿದ ಸಂತೋಷವನ್ನೂ ತಳ್ಳಿಹಾಕುವಂತಿಲ್ಲ.

ನಾನಂತೂ ದಂಟು ಬಿಟ್ಟಿಲ್ಲ. ತಳ್ಳುಗಾಡಿಯವರನ್ನು ಯಾವ ಕಡೆಯದಪ್ಪಾ ಎಂದು ಕೇಳುವುದನ್ನು ಮಾತ್ರ ರೂಢಿಸಿಕೊಂಡಿದ್ದೇನೆ. ಒಬ್ಬರು ಹೊಸಕೋಟೆ ಅನ್ನುತ್ತಾರೆ, ಇನ್ನೊಬ್ಬರು ಮಾಲೂರು. ಮೈಸೂರು ರಸ್ತೆ ಕಡೆಯದು ಎಂದು ಇದುವರೆಗೆ ಯಾರೂ ಹೇಳಿದ್ದಿಲ್ಲ.