ಕಡೀ ಸ್ಟೇಷನ್ನಿನ ಧೈರ್ಯ

ಮಗಳ ಬಾಣಂತನಕ್ಕಂತ ಜಪಾನಿನ ಸಪ್ಪೊರೊಕ್ಕ ಹೋಗಿ ಬಂದಮ್ಯಾಲ ಎಲ್ಲಾರೂ ಕೇಳೋದು ಒಂದ: “ಭಾಷಾ ಬರೂದಿಲ್ಲ, ಒಬ್ಬಾಕಿನ ಹೆಂಗ ಅಡ್ಡಾಡಿದ್ರಿ ವೈನಿ?” ಅದಕ್ಕ ನನ್ನ ಉತ್ತರ, ಮಿಯಾನೊಸಾವಾ ಅನ್ನೋ ಸ್ಟೇಷನ್ನು.

ಸಪ್ಪೊರೊ ಇರೋದು ಉತ್ತರದ ಹೊಕ್ಕೈಡೊ ದ್ವೀಪದಾಗ. ಒಂದು ಚಳಿಗಾಲಕ್ಕ ಎಲ್ಲಾ ಕೂಡಿ ಹೆಚ್ಚೂಕಡಿಮಿ 5 ಮೀಟರ್ ಹಿಮ ಬೀಳ್ತದ. ಮ್ಯಾಲ ಏನರ ಬೀಳವಲ್ದ್ಯಾಕ, ಮೆಟ್ರೋ ಬಹಳಷ್ಟು ನೆಲದ ಕೆಳಗ ತನ್ನ ಪಾಡಿಗೆ ತಾ ಓಡ್ತದ. 1972ರ ಚಳಿಗಾಲದ ಒಲಿಂಪಿಕ್ಸಿನ ಮುಂಚೆ, 1971ರ ಡಿಸೆಂಬರಿನಾಗ ಶುರು ಆದದ್ದು. ಗಾಲಿ ಕಬ್ಬಿಣದ್ದಲ್ಲ, ನಮ್ಮ ಬಸ್ಸಿನಂಗ ರಬ್ಬರಿಂದು.

ಅಲ್ಲೆ ಮೂರು ಲೈನು ಅವ. ನಮ್ಮದು ಕಿತ್ತಳೆ ಬಣ್ಣದ ಟೋಝಾಯ್, ಅಂದ್ರ ಪೂರ್ವ-ಪಶ್ಚಿಮ. ಒಟ್ಟು 19 ಸ್ಟೇಷನ್. ಪಶ್ಚಿಮದ ಕಡೀದು ಮಿಯಾನೊಸಾವಾ, 1999ರಾಗ ಆದದ್ದು. ಮಗಳ ಮನಿ ಅಲ್ಲಿಂದ ನಡಕೊಂಡು ಹೋಗೂವಷ್ಟು ಹತ್ತರ.

ಮದಿವ್ಯಾದಾಗಿಂದ ಎಲ್ಲೇ ಹೋದ್ರೂ ಟಿಕೀಟು ನಮ್ಮನಿಯವರ ಕಿಸೆದಾಗ ಇರ್ತಿತ್ತು. ಈಗ ಅವರಿಲ್ಲ. ಅಳಿಯ ಆಫೀಸಿಗೆ, ಮಗಳು ಹಸೀ ಬಾಣಂತಿ. “ಅವ್ವಾ, ಒಬ್ಬಾಕಿನ ಹೊರಗ ಹೋಗಬ್ಯಾಡ” ಅಂತ ಅಕಿ ದಿನಾ ಅಂತಿದ್ಲು. ಕಾಳಜೀನ ಖರೆ, ಆದ್ರ ಕೇಳಿ ಕೇಳಿ ನಾನೂ ಒಂದು ಕೂಸಾದ್ನೇನೋ ಅನಸ್ತಿತ್ತು.

ಒಂದಿನ ಕೂಸು ಮಲಗಿದಮ್ಯಾಲ ಹೇಳೇ ಹೊಂಟೆ. ಪ್ರತಿ ಸ್ಟೇಷನ್ನಿಗೂ ನಂಬರ್ ಅದ. ಮಿಯಾನೊಸಾವಾ ಟಿ-01, ಊರ ನಡುವಿನ ಓಡೊರಿ ಟಿ-09. ಹೋಗುವಾಗ ಒಂದರಿಂದ ಒಂಬತ್ತು ಎಣಿಸಿದೆ. ಓಡೊರಿಯೊಳಗ ಮೂರೂ ಲೈನು ಕೂಡ್ತಾವ, ಮಂದಿ ಅಂದ್ರ ಮಂದಿ. ಎದಿ ಡವಡವ ಅಂತು. ಆದ್ರ ಕಿತ್ತಳೆ ಬಣ್ಣ ಬಿಡಲಿಲ್ಲ, ಮಿಯಾನೊಸಾವಾ ಕಡೆ ಹೋಗೋ ಗಾಡಿ ನೋಡಿ ಹತ್ತಿದೆ. ಬರುವಾಗ ಎಣಿಸೋದೂ ಬ್ಯಾಡಾತು. ಕಡೀ ಸ್ಟೇಷನ್ನಂದ್ರ ಅದs ಅಲ್ರೀ, ನಿದ್ದಿ ಹತ್ತಿದ್ರೂ ಮುಂದ ಹೋಗೂದಿಲ್ಲ, ಎಲ್ಲಾರೂ ಇಳೀಲೇಬೇಕು.

ಇನ್ನೊಂದು ಹೇಳ್ಬೇಕು. ಡಬ್ಬಿಯೊಳಗ ವಯಸ್ಸಾದವರು, ಬಸುರಿಯರು, ಅಂಗವಿಕಲರಿಗಂತ ಬ್ಯಾರೆ ಸೀಟಿರ್ತಾವ. ಗದ್ದಲಿದ್ರೂ ಹರೇದ ಹುಡುಗೂರು ಅದರಾಗ ಕೂಡೂದಿಲ್ಲ, ನಿಂತs ಬರ್ತಾರ. ಯಾರನ್ನೂ ಏಳ್ರೀ ಅನ್ನೋ ಪ್ರಸಂಗ ಬರಲಿಲ್ಲ. ನನ್ನ ಮಣಕಾಲು ಅವರಿಗೆ ಹರಸ್ತಾವ!

ಸ್ಟೇಷನ್ನಿಂದ ನೆಲದೊಳಗಿನ ದಾರೀಲೇ ಚಿಯೆರಿಯಾ ಅನ್ನೋ ಕಟ್ಟಡಕ್ಕ ಹೋಗಬಹುದು. ಅದು ಊರಮಂದಿ ಯಾವ ವಯಸ್ಸಿನಾಗೂ ಕಲೀಲಿಕ್ಕೆ ಮಾಡಿದ ಕೇಂದ್ರ. ಪಿಯುಸಿಗೆ ಸಾಲಿ ಬಿಟ್ಟ ನನಗ ಅದರ ಬಾಗಿಲ ಮುಂದ ನಿಂತಾಗ ಏನೋ ಛಲೋ ಅನಸ್ತು.

ಆಮ್ಯಾಲ ವಾರಕ್ಕ ಎರಡು ಸಲ ಹೋದೆ. ಮಗಳು ಹೋಗಬ್ಯಾಡ ಅನ್ನೋದು ಬಿಟ್ಟು “ಬರುವಾಗ ಹಾಲು ತಾ” ಅನ್ನಲಿಕ್ಕೆ ಹತ್ತಿದ್ಲು. ಪರದೇಶಕ್ಕ ಬಾಣಂತನಕ್ಕ ಹೊಂಟವರು ಮೆಂತೆ, ಅಳವಿ ಜೋಡಿ ಇದನ್ನೂ ಕಟಗೊಂಡು ಹೋಗ್ರಿ: ಮನೀ ಹತ್ರದ ಸ್ಟೇಷನ್ನಿನ ಬಣ್ಣ ಮತ್ತ ನಂಬರು.